ಹಳೇ ಕಂಡೆನ್ಸರ್ ಮೈಕ್ ಚಟಪಟ ಅಂತಿದ್ಯಾ? ಕೆಪಾಸಿಟರ್ ಕೀಳೋ ಮುಂಚೆ ಇಷ್ಟು ನೋಡಿ

ಮುಂಬೈಲಿ ಮಳೆ ಹಿಡೀತು ಅಂದ್ರೆ ಅಂಧೇರಿ, ಗೋರೆಗಾಂವ್, ಡೊಂಬಿವಲಿ ಕಡೆಯ ಸಣ್ಣ ಸ್ಟುಡಿಯೋದವ್ರದ್ದು ಒಂದೇ ಕಂಪ್ಲೇಂಟು, ಹಳೇ ಮೈಕು ಚಟಪಟ ಅಂತದೆ, ನಡುವಲ್ಲಿ ಟಪ್ ಅಂತ ಹೊಡೀತದೆ, ಸ್ವಲ್ಪ ಹೊತ್ತು ಸರಿಯಾಗ್ತದೆ ಮತ್ತೆ ಶುರು. ಅದರ ಜೊತೆಗೆ ಡಯಾಗ್ನೋಸಿಸ್ಸೂ ಅವ್ರೇ ಕೊಟ್ಟಿರ್ತಾರೆ: "ಐವತ್ತು ವರ್ಷದ ಮೈಕ್ ಅಲ್ವಾ ಭಾವ, ಕೆಪಾಸಿಟರ್ ಎಲ್ಲ ಸತ್ತಿರ್ತದೆ, ಒಟ್ಟಿಗೆ ಬದಲಾಯ್ಸಿಬಿಡಿ."

ಬೇಡ ಮಾರಾಯ್ರೆ. ಪಾರ್ಟು ಹಳೇದಾಗೋದು ನಿಜ, ಆದ್ರೆ ಎಲ್ಲ ಪಾರ್ಟೂ ಒಂದೇ ಥರ ಹಳೇದಾಗೋದಿಲ್ಲ, ಕೆಲವು ಐವತ್ತು ವರ್ಷ ಆದ್ರೂ ಹೊಸದಕ್ಕಿಂತ ಚೆನ್ನಾಗಿರ್ತವೆ, ಕೆಲವು ಹತ್ತು ವರ್ಷಕ್ಕೇ ಕೈ ಕೊಡ್ತವೆ. ಎಲ್ಲವನ್ನೂ ಕಿತ್ತು ಹೊಸದು ಹಾಕಿದ್ರೆ ದೋಷ ಎಲ್ಲಿತ್ತು ಅಂತ ಯಾವತ್ತೂ ಗೊತ್ತಾಗೋದಿಲ್ಲ, ಮೇಲಿಂದ ಕೈಬೆರಳಿನ ಎಣ್ಣೆ, ಸೋಲ್ಡರ್ ಫ್ಲಕ್ಸು ಎಲ್ಲ ಸೇರಿ ಮೊದಲು ಇಲ್ಲದ ಚಟಪಟ ಹೊಸದಾಗಿ ಹುಟ್ಕೊಳ್ತದೆ. ಹಾಗಾಗಿ ಇಲ್ಲಿ ಹೇಳೋದು ರಿಪೇರಿಗಿಂತ ಹೆಚ್ಚು ಹುಡುಕೋ ಕೆಲಸದ ಬಗ್ಗೆ.

ಮೊದಲು ಕಿವಿ

ಮೈಕ್ ಬಿಚ್ಚೋ ಮುಂಚೆ ಒಂದೈದು ನಿಮಿಷ ರೆಕಾರ್ಡ್ ಮಾಡಿ ಹೆಡ್‌ಫೋನಲ್ಲಿ ಕೇಳಿ. ಯಾವ ಶಬ್ದ ಅನ್ನೋದ್ರಲ್ಲೇ ಅರ್ಧ ಉತ್ತರ ಉಂಟು. ಗುಂಯ್ ಅನ್ನೋ ಹಮ್ಮು ಇದ್ರೆ ಅದು 50 ಹರ್ಟ್ಸಾ 100 ಹರ್ಟ್ಸಾ ನೋಡಿ, ಯಾವ ಸಾಫ್ಟ್‌ವೇರಲ್ಲಾದ್ರೂ ಸ್ಪೆಕ್ಟ್ರಮ್ ತೆಗೆದ್ರೆ ಕಾಣ್ತದೆ. ನಮ್ಮ ಕರೆಂಟು 50 ಹರ್ಟ್ಸ್, ಅದನ್ನ ಡಿಸಿ ಮಾಡೋ ಫುಲ್ ವೇವ್ ರೆಕ್ಟಿಫೈಯರ್ ಆದ್ಮೇಲೆ ಉಳಿಯೋ ರಿಪಲ್ (ಏರಿಳಿತ) 100. ಅಂದ್ರೆ 100 ಜೋರಾಗಿದ್ರೆ ಪವರ್ ಸಪ್ಲೈ ಒಳಗಿನ ಫಿಲ್ಟರ್ ಕೆಪಾಸಿಟರ್ ಮೇಲೆ ಅನುಮಾನ, 50 ಜೋರಾಗಿದ್ರೆ ಅರ್ತಿಂಗು, ಕೇಬಲ್ ಶೀಲ್ಡು, ಅಥವಾ ಪಕ್ಕದಲ್ಲೇ ಇಟ್ಟ ಟ್ರಾನ್ಸ್‌ಫಾರ್ಮರು. ಗಿರ್‌ಗಾಂವ್ ಕಡೆಯ ಹಳೇ ಬಿಲ್ಡಿಂಗಲ್ಲಿ ರೂಮ್ ತಗೊಂಡು ಸ್ಟುಡಿಯೋ ಮಾಡಿದವ್ರು ಸಾಕೆಟ್ಟಿನ ಮೂರನೇ ತೂತಲ್ಲಿ ನಿಜವಾಗಿ ಅರ್ತ್ ಉಂಟಾ ಅಂತ ಮೊದಲು ಚೆಕ್ ಮಾಡ್ಸಿ, ಮೈಕಿಗೆ ಬಯ್ಯೋದು ಆಮೇಲೆ.

ಸೊಯ್ಯ್ ಅಂತ ಒಂದೇ ಸಮ ಹಿಸ್ ಇದ್ರೆ ಎಫ್‌ಇಟಿ (ಮೈಕಿನೊಳಗಿನ ಮೊದಲ ಟ್ರಾನ್ಸಿಸ್ಟರ್) ಅಥವಾ ಟ್ಯೂಬು, ಇಲ್ಲಾ ಕ್ಯಾಪ್ಸೂಲಿಗೆ (ಶಬ್ದ ಹಿಡಿಯೋ ಡಯಾಫ್ರಮ್ ಇರೋ ಭಾಗ) ವೋಲ್ಟೇಜ್ ಕಡಿಮೆಯಾಗಿ ನೀವು ಗೇನ್ ಏರಿಸ್ತಾ ಇದ್ದೀರಿ. ಸೌಂಡು ತೆಳ್ಳಗಾಗಿ ಬೇಸ್ ಹೋಗಿದ್ರೆ ಕಪ್ಲಿಂಗ್ ಕೆಪಾಸಿಟರು (ಡಿಸಿ ತಡೆದು ಸಿಗ್ನಲ್ ಮಾತ್ರ ದಾಟಿಸೋದು) ಅಥವಾ ಲೀಕೇಜು, ಅಂದ್ರೆ ಹೋಗ್ಬಾರದ ದಾರಿಯಲ್ಲಿ ಕರೆಂಟ್ ಸೋರೋದು. ಚಟಪಟ, ಅದೂ ಮಳೆಗಾಲದಲ್ಲಿ ಮಾತ್ರ, ಅದಕ್ಕೆ ಬೇರೆಯೇ ಪುರಾಣ ಉಂಟು, ಕೆಳಗೆ ಬರ್ತದೆ.

ಮೈಕಿನ ಹೊರಗೆ ಮುಗಿಸ್ಕೊಳ್ಳಿ

ಕೇಬಲ್ ಬದಲಾಯ್ಸಿ, ಪ್ರೀಆಂಪಿನ (ಮೈಕಿನ ಸಣ್ಣ ಸಿಗ್ನಲ್ ದೊಡ್ಡದು ಮಾಡೋ ಪೆಟ್ಟಿಗೆ) ಚಾನೆಲ್ ಬದಲಾಯ್ಸಿ, ಇನ್ನೊಂದು ಒಳ್ಳೇ ಮೈಕ್ ಅದೇ ಜಾಗದಲ್ಲಿ ಹಾಕಿ ನೋಡಿ. ಇದು ಎಲ್ಲರಿಗೂ ಗೊತ್ತು, ಆದ್ರೂ ಮಾಡೋದಿಲ್ಲ.

ಆಮೇಲೆ ಫ್ಯಾಂಟಮ್, ಅಂದ್ರೆ ಪ್ರೀಆಂಪು ಮೈಕಿನ ಕೇಬಲಲ್ಲೇ ಕಳಿಸೋ 48 ವೋಲ್ಟ್. ಇದಕ್ಕೊಂದು ಜುಗಾಡ್ ಮಾಡಿಟ್ಕೊಳ್ಳಿ, ಒಂದು ಮೇಲ್ ಒಂದು ಫೀಮೇಲ್ ಎಕ್ಸ್‌ಎಲ್‌ಆರ್ (ಮೈಕ್ ಕೇಬಲಿನ ಮೂರು ಪಿನ್ನಿನ ಕನೆಕ್ಟರ್) ಹಿಂದೆ ಹಿಂದೆ ಸೇರಿಸಿ ಸೋಲ್ಡರ್ ಮಾಡಿ, ಮೂರು ಪಿನ್ನಿಂದಲೂ ಪುಟ್ಟ ವೈರ್ ಹೊರಗೆ ತೆಗೀರಿ, ಲ್ಯಾಮಿಂಗ್ಟನ್ ರೋಡಲ್ಲಿ ಬೇಕಾದ ಸಾಮಾನೆಲ್ಲ ಸಿಗ್ತದೆ. ಮೈಕ್ ಹಾಕದೆ ಪಿನ್ 1ರಿಂದ 2ಕ್ಕೆ, 1ರಿಂದ 3ಕ್ಕೆ ಅಳೆದ್ರೆ 44ರಿಂದ 52 ವೋಲ್ಟ್ ಒಳಗೆ ಬರ್ಬೇಕು. ಈಗ ಮೈಕ್ ಹಾಕಿ ಮತ್ತೆ ಅಳೀರಿ. ಪ್ರೀಆಂಪಲ್ಲಿ ಎರಡು 6.8 ಕಿಲೋಓಮ್ ರೆಸಿಸ್ಟರ್ ಮೂಲಕ ಕರೆಂಟ್ ಬರ್ತದೆ, ಎರಡೂ ಪ್ಯಾರಲಲ್ಲು, ಅಂದ್ರೆ 3.4 ಕಿಲೋಓಮ್. ಮೈಕ್ ಅರ್ಧ ಮಿಲಿಆಂಪ್ ಎಳೆದ್ರೆ 1.7 ವೋಲ್ಟ್ ಇಳೀತದೆ, 48 ಇದ್ದದ್ದು 46.3 ಆಗ್ತದೆ. ಟ್ರಾನ್ಸ್‌ಫಾರ್ಮರ್ ಇರೋ ಹಳೇ ಎಫ್‌ಇಟಿ ಮೈಕ್‌ಗಳು ಸಾಧಾರಣ ಇಷ್ಟರ ಆಸುಪಾಸೇ.

ಏನೂ ಇಳೀಲಿಲ್ಲ ಅಂದ್ರೆ ಮೈಕ್ ಕರೆಂಟೇ ತಗೊಳ್ತಿಲ್ಲ, ಎಲ್ಲೋ ಕಟ್ ಆಗಿದೆ. 30 ವೋಲ್ಟಿಗೆ ಇಳಿದ್ರೆ 5 ಮಿಲಿಆಂಪಿಗಿಂತ ಜಾಸ್ತಿ ಎಳೀತಿದೆ, ಹಳೇ ಮೈಕಿಗೆ ಅದು ಶಾರ್ಟಿನ ಲಕ್ಷಣ, ಟ್ಯಾಂಟಲಮ್ ಕೆಪಾಸಿಟರನ್ನ ಮೊದಲು ಹಿಡೀರಿ (ಈಗಿನ ಟ್ರಾನ್ಸ್‌ಫಾರ್ಮರ್ ಇಲ್ಲದ ಮೈಕ್‌ಗಳಲ್ಲಿ ಅಷ್ಟು ಕರೆಂಟ್ ಮಾಮೂಲಿ, ಗಾಬರಿ ಬೇಡ). ಪಿನ್ 2ರಲ್ಲಿ ಒಂದು, 3ರಲ್ಲಿ ಇನ್ನೊಂದು ವೋಲ್ಟೇಜ್ ಬಂದ್ರೆ ಪ್ರೀಆಂಪಿನ ರೆಸಿಸ್ಟರ್ ಅಥವಾ ಕನೆಕ್ಟರ್ ನೋಡಿ. ಈ ವ್ಯತ್ಯಾಸ ಸಣ್ಣದು ಅಂತ ಬಿಡ್ಬೇಡಿ, ಆ ಡಿಸಿ ಮೈಕಿನ ಔಟ್‌ಪುಟ್ ಟ್ರಾನ್ಸ್‌ಫಾರ್ಮರೊಳಗೆ ಹರಿದು ಕೋರ್ ಮ್ಯಾಗ್ನೆಟೈಸ್ ಆಗಿ ಬೇಸ್ ಒಡಕಲಾಗ್ತದೆ, ಆಗ ಜನ ಕ್ಯಾಪ್ಸೂಲ್ ಹೋಯ್ತು ಅಂದ್ಕೊಳ್ತಾರೆ. ಅದೇ ಕಾರಣಕ್ಕೆ ಮೀಟರನ್ನ ಓಮ್ಸಲ್ಲಿಟ್ಟು ಆ ಟ್ರಾನ್ಸ್‌ಫಾರ್ಮರ್ ಚೆಕ್ ಮಾಡೋದೂ ಬೇಡ.

1967ರಲ್ಲಿ ಬಂದ ನಾಯ್ಮನ್ ಯು 87 ಇಟ್ಕೊಂಡವ್ರು ಇನ್ನೊಂದು ನೋಡ್ಬೇಕು. ಹಳೇ ಮಾಡೆಲಲ್ಲಿ ಫ್ಯಾಂಟಮ್ ಅಲ್ಲದೆ ಎರಡು 22.5 ವೋಲ್ಟಿನ ಬ್ಯಾಟರಿ ಒಳಗೇ ಹಾಕ್ಬಹುದಿತ್ತು. ಯಾರೋ ಯಾವ ಕಾಲದಲ್ಲೋ ಹಾಕಿ ಮರ್ತು ಅದು ಸೋರಿ ಕಾಂಟ್ಯಾಕ್ಟಿನ ತಾಮ್ರ ಎಲ್ಲ ಹಸಿರಾಗಿರ್ತದೆ. 1986ರಲ್ಲಿ ಬಂದ ಎ-ಐ ಮಾಡೆಲಲ್ಲಿ ಬ್ಯಾಟರಿ ಇಲ್ಲ, ಅದರ ಸರ್ಕ್ಯೂಟೂ ಬೇರೆ, ಒಂದರ ಸ್ಕೀಮ್ಯಾಟಿಕ್ ಇಟ್ಕೊಂಡು ಇನ್ನೊಂದನ್ನ ಅಳೀಬೇಡಿ.

ತೇವ, ಅಂದ್ರೆ ಮುಂಬೈ

ಕ್ಯಾಪ್ಸೂಲ್ ಅಂದ್ರೆ ಅದೂ ಒಂದು ಪುಟ್ಟ ಕೆಪಾಸಿಟರೇ, ದೊಡ್ಡ ಡಯಾಫ್ರಮ್ ಮೈಕಲ್ಲಿ 80 ಪಿಕೋಫ್ಯಾರಡ್ ಅಂತ ಇಟ್ಕೊಳ್ಳಿ. ಇಷ್ಟು ಚಿಕ್ಕ ಕೆಪಾಸಿಟರಿಂದ ಬೇಸ್ ಸಿಗ್ಬೇಕು ಅಂದ್ರೆ ಅದರ ಮುಂದಿನ ರೆಸಿಸ್ಟರು ರಾಕ್ಷಸ ಸೈಜಿಂದು ಬೇಕು, ಎಫ್‌ಇಟಿ ಮೈಕಲ್ಲಿ 1 ಗಿಗಾಓಮ್ ಮಾಮೂಲಿ. ಲೆಕ್ಕ ಹಾಕಿದ್ರೆ 1 ಗಿಗಾಓಮಿಗೆ 80 ಪಿಕೋಫ್ಯಾರಡ್ ಸೇರಿ ಬೇಸ್ ಕಟ್ ಆಗೋದು 2 ಹರ್ಟ್ಸ್ ಹತ್ರ, ಯಾರ ಕಿವಿಗೂ ಗೊತ್ತಾಗದ ಜಾಗ. ಈಗ ಕ್ಯಾಪ್ಸೂಲಿನ ವೈರ್ ನಿಲ್ಲಿಸೋ ಇನ್ಸುಲೇಟರ್ ಮೇಲೆ ಧೂಳು, ಅದರ ಮೇಲೆ ಜುಲೈ ತಿಂಗಳ ತೇವ ಕೂತು ಸುಮ್ನೆ ಒಂದು 20 ಮೆಗಾಓಮಿನ ದಾರಿ ಮಾಡ್ಕೊಟ್ರೆ? ಕಟ್ ಆಗೋ ಜಾಗ 100 ಹರ್ಟ್ಸಿಗೆ ಬಂತು. ಗಂಡಸಿನ ಸ್ವರದ ತಳವೇ ಹೋಯ್ತು. 10 ಮೆಗಾಓಮ್ ಆದ್ರೆ 200 ಹರ್ಟ್ಸ್. ಒಂದು ಪಾರ್ಟೂ ಹಾಳಾಗಿಲ್ಲ, ಆದ್ರೂ ಮೈಕ್ ಟೆಲಿಫೋನ್ ಥರ. ಆ ಲೀಕು ಒಂದೇ ಸಮ ಇರೋದೂ ಇಲ್ಲ, ಬರ್ತದೆ ಹೋಗ್ತದೆ, ಅದೇ ನಿಮ್ಮ ಚಟಪಟ.

ಎಸಿ ರೂಮಲ್ಲೇ ಇಡೋದು, ತೇವ ಎಲ್ಲಿಂದ ಅಂತೀರಿ. ಜುಲೈಲಿ ಹೊರಗೆ 28 ಡಿಗ್ರಿ, ತೇವಾಂಶ ಶೇಕಡ 85 ಇದ್ರೆ ಇಬ್ಬನಿ ಕಟ್ಟೋ ಉಷ್ಣತೆ ಸುಮಾರು 25 ಡಿಗ್ರಿ. ನಿಮ್ಮ ರೂಮು 21ಕ್ಕೆ ಕೂಲಾಗಿದೆ, ಮೈಕಿನ ಬಾಡಿ ಕೂಡ 21, ರಾತ್ರಿ ಸೆಷನ್ ಮುಗಿದು ಎಸಿ ಬಂದ್ ಮಾಡಿ ಬಾಗಿಲು ತೆಗೆದು ಎಲ್ಲ ಚಾಯ್‌ಗೆ ಹೋದ್ರಿ, ಹೊರಗಿನ ಗಾಳಿ ಬಂದು ತಣ್ಣಗಿನ ಲೋಹದ ಮೇಲೆ ಕೂತು ನೀರಾಯ್ತು. ಒಳಗೂ ಆಗ್ತದೆ. ಗೋವಾದವ್ರಿಗೂ ಇದೇ ಕತೆ, ಪುಣೆಲಿ ಸ್ವಲ್ಪ ವಾಸಿ.

ಟೆಸ್ಟ್ ಸುಲಭ. ಗಾಳಿಯಾಡದ ಸ್ಟೀಲ್ ಅಥವಾ ಪ್ಲಾಸ್ಟಿಕ್ ಡಬ್ಬದಲ್ಲಿ ಮೈಕನ್ನ ಸಿಲಿಕಾ ಜೆಲ್ ಜೊತೆ ಒಂದಿಡೀ ದಿನ ಇಡಿ, ಬಣ್ಣ ಬದಲಾಗೋ ಜೆಲ್ ತಗೊಳ್ಳಿ, ಒದ್ದೆ ಆಗಿದ್ದು ಗೊತ್ತಾಗ್ತದೆ. ತೆಗೆದ ಕೂಡ್ಲೇ ರೆಕಾರ್ಡ್ ಮಾಡಿ. ಚಟಪಟ ಪೂರಾ ಹೋಗಿ, ಒಂದೆರಡು ಗಂಟೆ ಬಿಟ್ಟು ಮತ್ತೆ ಬಂತು ಅಂದ್ರೆ ಕೇಸ್ ಮುಗೀತು, ಅದು ಮೇಲ್ಮೈ ಲೀಕೇಜು, ಒಂದು ಕೆಪಾಸಿಟರನ್ನೂ ಮುಟ್ಟೋದು ಬೇಡ. ಡಬ್ಬಕ್ಕೆ ಅಕ್ಕಿ ಹಾಕೋ ಮಹಾನುಭಾವರೂ ಇದ್ದಾರೆ, ಅಕ್ಕಿಯ ಹಿಟ್ಟು ಗ್ರಿಲ್ಲಿನ ಜಾಲರಿ ದಾಟಿ ಡಯಾಫ್ರಮ್ ಮೇಲೆ ಕೂರ್ತದೆ, ದಯವಿಟ್ಟು ಬೇಡ.

ಕ್ಲೀನ್ ಮಾಡೋದು ಕ್ಯಾಪ್ಸೂಲನ್ನಲ್ಲ, ಕ್ಯಾಪ್ಸೂಲಿಂದ ಎಫ್‌ಇಟಿಯ ಗೇಟ್ (ಸಿಗ್ನಲ್ ಒಳಗೆ ಹೋಗೋ ಕಾಲು) ತನಕದ ದಾರಿಯನ್ನ. ಟೆಫ್ಲಾನ್ ಅಥವಾ ಸೆರಾಮಿಕ್ ಸ್ಟ್ಯಾಂಡ್‌ಆಫು, ಪ್ಯಾಟರ್ನ್ ಸ್ವಿಚ್ಚಿನ ವೇಫರು, ಆ ದೊಡ್ಡ ರೆಸಿಸ್ಟರಿನ ಗಾಜಿನ ಮೈ. 99 ಪರ್ಸೆಂಟಿನ ಐಸೊಪ್ರೊಪೈಲ್ ಆಲ್ಕೋಹಾಲು, ಹತ್ತಿಯ ಕಡ್ಡಿ, ಮೆಲ್ಲಗೆ. ಮೆಡಿಕಲ್ ಶಾಪಿನ 70 ಪರ್ಸೆಂಟಿಂದು ಬೇಡ, ಉಳಿದ 30 ನೀರೇ. ಸ್ವಿಚ್ಚಿಗೆ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಹೊಡೆಯೋ ಚಟ ಇದ್ರೆ ಇಲ್ಲಿ ಬಿಟ್ಬಿಡಿ, ಅದರ ಎಣ್ಣೆ ಪದರವೇ ನಾಳೆ ಲೀಕ್ ಆಗ್ತದೆ. ಕೆಲವು ಹಳೇ ಮೈಕ್‌ಗಳಲ್ಲಿ ಬೋರ್ಡೇ ಕಂದು ಬಣ್ಣದ ಫಿನಾಲಿಕ್, ಡಬ್ಬಿ ಮುಚ್ಚಳ ಸಡಿಲ ಬಿಟ್ಟ ಹಪ್ಪಳದ ಹಾಗೆ ತೇವ ಎಳ್ಕೊಳ್ತದೆ, ಅದನ್ನ 40 ಡಿಗ್ರಿ ಆಸುಪಾಸಿನ ಬೆಚ್ಚಗಿನ ಪೆಟ್ಟಿಗೆಯಲ್ಲಿ ಕೆಲವು ಗಂಟೆ ಇಟ್ರೆ ಒಣಗ್ತದೆ. ಹೇರ್ ಡ್ರೈಯರ್ ಬೇಡ.

ಕ್ಯಾಪ್ಸೂಲಾ, ಆಂಪ್ಲಿಫೈಯರಾ?

ಒಣಗಿಸಿದ್ರೂ ಶಬ್ದ ಹಾಗೇ ಇದ್ರೆ ಮೈಕನ್ನ ಎರಡು ಭಾಗ ಮಾಡಿ ನೋಡ್ಬೇಕು. ನನ್ನ ಪ್ರಕಾರ ಇಡೀ ಹುಡುಕಾಟದಲ್ಲಿ ಅತಿ ಉಪಯೋಗದ ಹೆಜ್ಜೆ ಇದೇ, ಆದ್ರೆ ಜಾಸ್ತಿ ಜನ ಮಾಡೋದೇ ಇಲ್ಲ. ಪವರ್ ತೆಗೆದು, ಸ್ವಲ್ಪ ಹೊತ್ತು ಬಿಟ್ಟು, ಕ್ಯಾಪ್ಸೂಲಿನ ವೈರ್ ಬಿಡಿಸಿ, ಅದರ ಜಾಗಕ್ಕೆ 68 ಅಥವಾ 82 ಪಿಕೋಫ್ಯಾರಡಿನ ಒಂದು ಒಳ್ಳೇ ಕೆಪಾಸಿಟರ್ ಹಾಕಿ, ಸ್ಟೈರೋಫ್ಲೆಕ್ಸ್ ಆದ್ರೆ ಚೆಂದ, ಸಿಗದಿದ್ರೆ ಸಿ-ಝೀರೋ-ಜಿ ಸೆರಾಮಿಕ್. ಗ್ರಿಲ್ ಮುಚ್ಚಿ, ಇಲ್ಲಾಂದ್ರೆ ಊರಿನ ಹಮ್ಮೆಲ್ಲ ಅದರೊಳಗೆ ಬರ್ತದೆ. ಈಗ ಮೈಕಿಗೆ ಕಿವಿ ಇಲ್ಲ, ಆಂಪ್ಲಿಫೈಯರ್ ಮಾತ್ರ ಉಂಟು. ಚಟಪಟ ಇನ್ನೂ ಇದ್ರೆ ಕ್ಯಾಪ್ಸೂಲ್ ನಿರಪರಾಧಿ. ಹೋದ್ರೆ ಕ್ಯಾಪ್ಸೂಲ್ ಅಥವಾ ಅದರ ಮೌಂಟು.

ಇಲ್ಲೇ ಒಂದು ಬಲೆ ಉಂಟು. ಕ್ಯಾಪ್ಸೂಲಿಗೆ ವೋಲ್ಟೇಜ್ ಬರ್ತಿದ್ಯಾ ಅಂತ ಮಲ್ಟಿಮೀಟರಿನ ಕಡ್ಡಿ ಸೀದಾ ಕ್ಯಾಪ್ಸೂಲಿಗೇ ಇಡ್ತಾರೆ, ಮೀಟರು ಅರ್ಧ ವೋಲ್ಟೂ ತೋರ್ಸೋದಿಲ್ಲ, "ಅಯ್ಯೋ ಪೋಲರೈಸೇಷನ್ನೇ ಇಲ್ಲ" ಅಂತ ಪಾರ್ಟ್ ಕೀಳೋಕೆ ಶುರು. ಡಿಜಿಟಲ್ ಮೀಟರಿನ ಒಳಗಿನ ರೆಸಿಸ್ಟೆನ್ಸು 10 ಮೆಗಾಓಮ್, ವೋಲ್ಟೇಜ್ ಬರೋದು 1 ಗಿಗಾಓಮಿನ ಹಿಂದಿಂದ, ಹಾಗಾಗಿ ನೂರರಲ್ಲಿ ಒಂದು ಪಾಲು ಮಾತ್ರ ಮೀಟರಿಗೆ ಕಾಣ್ತದೆ. ಅಲ್ಲಿ 46 ವೋಲ್ಟ್ ಇದ್ರೂ ಮೀಟರು ತೋರ್ಸೋದು 0.46. ದೊಡ್ಡ ರೆಸಿಸ್ಟರಿನ ಈಚೆ, ಸಪ್ಲೈ ಬದಿಯಲ್ಲಿ ಅಳೀರಿ. ಮತ್ತೆ ಡಯಾಫ್ರಮ್ ಮಾತ್ರ ಕಡ್ಡಿಯಿಂದ ಮುಟ್ಬೇಡಿ, ಅದು ಕೆಲವೇ ಮೈಕ್ರಾನಿನ ಪ್ಲಾಸ್ಟಿಕ್ ಪೊರೆ, ಮೇಲೆ ಚಿನ್ನದ ಲೇಪ, ಮುಟ್ಟಿದ್ರೆ ಹೋಯ್ತು.

ಕ್ಯಾಪ್ಸೂಲೇ ತಪ್ಪಿತಸ್ಥ ಅಂತಾದ್ರೆ ಟಾರ್ಚ್ ಹಿಡಿದು ನೋಡಿ. ಹಾಡುವವರ ಎಂಜಲು ಒಣಗಿ ಕಲೆ ಕಟ್ಟಿರ್ತದೆ, ಚಿನ್ನ ಎದ್ದಿರ್ತದೆ. ನಾಯ್ಮನ್ನಿನದ್ದೇ ಹಳೇ ಟ್ಯೂಬ್ ಮೈಕ್ ಯು 47ರ ಎಂ 7 ಕ್ಯಾಪ್ಸೂಲಿನ ಡಯಾಫ್ರಮ್ ಪಿವಿಸಿ, ವರ್ಷಗಳು ಹೋದ ಹಾಗೆ ಒಣಗಿ ಗಟ್ಟಿಯಾಗಿ ಬಿರುಕು ಬಿಡ್ತದೆ, ಇದು ನಿಜವಾದ ಮುದಿತನ, ಆಮೇಲೆ ಬಂದ ಪಾಲಿಯೆಸ್ಟರಿನದ್ದಕ್ಕೆ ಈ ಕಷ್ಟ ಕಡಿಮೆ. ಜೋರಾಗಿ ಹಾಡಿದ ಕೂಡ್ಲೇ ಸೌಂಡು ಮುಚ್ಚಿದ ಹಾಗಾಗಿ, ಪವರ್ ತೆಗೆದು ಹಾಕಿದ್ರೆ ಸರಿಯಾಗ್ತದೆ ಅಂದ್ರೆ ಡಯಾಫ್ರಮ್ ಸಡಿಲಾಗಿ ಹಿಂದಿನ ಪ್ಲೇಟಿಗೆ ಅಂಟ್ತಾ ಉಂಟು. ಕ್ಯಾಪ್ಸೂಲ್ ತೊಳೆಯೋದು, ಹೊಸ ಡಯಾಫ್ರಮ್ ಎಳೆಯೋದು ಅದನ್ನೇ ಕಸುಬು ಮಾಡ್ಕೊಂಡವರ ಕೆಲಸ, ಅಡುಗೆಮನೆ ಟೇಬಲ್ಲಿನದ್ದಲ್ಲ.

ಯಾವ ಪಾರ್ಟು ಸಾಯ್ತದೆ, ಯಾವುದು ಸಾಯೋದಿಲ್ಲ

ಆಂಪ್ಲಿಫೈಯರ್ ಅಂತ ಗೊತ್ತಾದ್ಮೇಲೆ ಈಗ ವಯಸ್ಸಿನ ಮಾತು. ಎಲೆಕ್ಟ್ರೋಲಿಟಿಕ್ ಕೆಪಾಸಿಟರಿನ ಒಳಗೆ ದ್ರವ ಉಂಟು, ಅದು ಒಣಗ್ತದೆ, ಹತ್ತು ಡಿಗ್ರಿ ಸೆಖೆ ಏರಿದ್ರೆ ಆಯಸ್ಸು ಅರ್ಧ ಅನ್ನೋದು ರೂಢಿಯ ಲೆಕ್ಕ. ಬರೀ ಮೌಲ್ಯ ಅಳೆದ್ರೆ ಸಾಲದು, ಇಎಸ್‌ಆರ್ ಮೀಟರಲ್ಲಿ (ಕೆಪಾಸಿಟರಿನ ಒಳಗಿನ ರೆಸಿಸ್ಟೆನ್ಸ್ ಅಳೆಯೋದು) ನೋಡಿ. ಹಳೇ ಟ್ಯಾಂಟಲಮ್ಮಿನ ಸ್ವಭಾವ ಬೇರೆ, ಇವತ್ತಿನ ತನಕ ಚೆನ್ನಾಗಿದ್ದು ಒಂದು ದಿನ ಶಾರ್ಟು, ಶಾರ್ಟ್ ಆಗೋ ಮುಂಚೆ ಕೆಲವೊಮ್ಮೆ ಲೀಕ್ ಆಗಿ ಗುರುಗುಟ್ತದೆ. ಪೇಪರ್ ಕೆಪಾಸಿಟರು ಟ್ಯೂಬ್ ಕಾಲದ್ದು, ತೇವ ಹೋಗಿ ಲೀಕ್ ಆಗ್ತದೆ, ಅದು ಕಪ್ಲಿಂಗ್ ಜಾಗದಲ್ಲಿದ್ರೆ ಡಿಸಿ ದಾಟಿ ಮುಂದಿನದ್ದಕ್ಕೂ ಕಷ್ಟ. ಕಾರ್ಬನ್ ಕಾಂಪೊಸಿಷನ್ ರೆಸಿಸ್ಟರ್ ವರ್ಷ ಕಳೆದ ಹಾಗೆ ಮೌಲ್ಯ ಏರಿಸ್ಕೊಳ್ತದೆ, ಶಬ್ದವೂ ಜಾಸ್ತಿ. ಬಿಚ್ಚಿ ಒಂದು ಕಾಲು ಎತ್ತಿ ಅಳೀರಿ, 10 ಪರ್ಸೆಂಟ್ ಮೀರಿದ್ರೆ ಮಾತ್ರ ಬದಲಾಯ್ಸಿ.

ಆದ್ರೆ ಸ್ಟೈರೋಫ್ಲೆಕ್ಸು, ಆ ಪಾರದರ್ಶಕ ಬೆಳ್ಳಿ ಬಣ್ಣದ್ದು, ಮತ್ತೆ ಫಿಲ್ಮ್ ಕೆಪಾಸಿಟರು, ಇವುಗಳನ್ನ ಯಾಕೆ ಕೀಳ್ತೀರಿ? ಮೈಕಿನ ಸ್ವರ ಇರೋದೇ ಅವುಗಳ ಜಾಗದಲ್ಲಿ, ಅವು ಹಾಳಾಗೋದು ಬಹಳ ಅಪರೂಪ. ಇನ್ನೊಂದು, ಸ್ಟೈರೋಫ್ಲೆಕ್ಸ್ ಅಂದ್ರೆ ಪಾಲಿಸ್ಟೈರೀನು, ಸೋಲ್ಡರ್ ಕಬ್ಬಿಣ ಹತ್ರ ಜಾಸ್ತಿ ಹೊತ್ತು ಇಟ್ರೆ ಕರಗ್ತದೆ, ಅಸಿಟೋನ್ ತಾಗಿದ್ರೂ ಕರಗ್ತದೆ. ಪಕ್ಕದ ಎಲೆಕ್ಟ್ರೋಲಿಟಿಕ್ ಬದಲಾಯಿಸೋವಾಗ ಇದನ್ನ ಬೇಯಿಸಿ ಹಾಕಿದ ಮೈಕ್‌ಗಳು ಬೇಕಾದಷ್ಟು ಬರ್ತವೆ.

ಎಫ್‌ಇಟಿ ಹೋದ್ರೆ ಹಿಸ್ ಏರ್ತದೆ ಅಥವಾ ಪಾಪ್‌ಕಾರ್ನ್ ಹೊಡೆದ ಹಾಗೆ ಶಬ್ದ. ಅದೇ ನಂಬರಿನ ಹೊಸದನ್ನ ತಂದು ಹಾಕಿದ್ರೆ ಮುಗೀಲಿಲ್ಲ, ಒಂದೇ ನಂಬರಲ್ಲೂ ಒಂದೊಂದು ಪೀಸಿನ ಗುಣ ಒಂದೊಂದು, ಬಯಾಸ್ ಮತ್ತೆ ಸೆಟ್ ಮಾಡ್ಬೇಕು, ಹತ್ತಾರು ತಂದು ಶಬ್ದ ಕಡಿಮೆ ಇರೋದನ್ನ ಆರಿಸ್ಕೋಬೇಕು. ನಿಂತುಹೋದ ನಂಬರು ಅಗ್ಗಕ್ಕೆ ಸಿಕ್ತು ಅಂದ್ರೆ ಮೇಲಿನ ಬರಹ ಹೊಸದಾಗಿ ಪ್ರಿಂಟ್ ಮಾಡಿದ್ದಾ ಅಂತ ಅನುಮಾನ ಇಟ್ಕೊಳ್ಳಿ.

ಟ್ಯೂಬ್ ಮೈಕಿನವರಿಗೆ

ಮೊದಲು ಜೀವ. ಯು 47ರ ಸಪ್ಲೈ 105 ವೋಲ್ಟ್, 1960ರ ಯು 67ರದ್ದು 200ರ ಮೇಲೆ, ಪ್ಲಗ್ ತೆಗೆದ ಮೇಲೂ ಕೆಪಾಸಿಟರಲ್ಲಿ ಇರ್ತದೆ. ರೆಸಿಸ್ಟರ್ ಮೂಲಕ ಡಿಸ್ಚಾರ್ಜ್ ಮಾಡಿ, ಮೀಟರಲ್ಲಿ ಸೊನ್ನೆ ನೋಡಿ, ಆಮೇಲೆ ಕೈ ಹಾಕಿ. ಪವರ್ ಇರೋವಾಗ ಮೈಕಿನ ಕೇಬಲ್ ಎಳೀಬೇಡಿ, ಚುಚ್ಚಬೇಡಿ. ಇದು ಅಭ್ಯಾಸ ಇಲ್ಲದಿದ್ರೆ ಪೆಟ್ಟಿಗೆ ತೆಗೀಲೇಬೇಡಿ, ಗೊತ್ತಿರೋವ್ರ ಹತ್ರ ಕೊಡಿ.

ವರ್ಷಗಟ್ಲೆ ಕಪಾಟಲ್ಲಿದ್ದ ಸಪ್ಲೈಗೆ ಸೀದಾ ಕರೆಂಟ್ ಕೊಡೋದು ಬೇಡ, ಡಿಮ್ಮರ್‌ಸ್ಟ್ಯಾಟಲ್ಲಿ ಮೆಲ್ಲ ಏರ್ಸಿ, ಅದಿಲ್ಲದಿದ್ರೆ ಕನಿಷ್ಠ ಸೀರೀಸ್ ಬಲ್ಬ್ ಹಾಕಿ, ಬಲ್ಬ್ ಜೋರಾಗಿ ಉರೀತಾ ಇದ್ರೆ ಒಳಗೆ ಶಾರ್ಟ್ ಉಂಟು. ಮೈಕ್ ಜೋಡಿಸೋದು ಸಪ್ಲೈ ಸರಿ ಅಂತ ಆದ್ಮೇಲೆ. ಆ ಕಾಲದ ಕೆಲವು ಸಪ್ಲೈಗಳಲ್ಲಿ ಸೆಲೆನಿಯಮ್ ರೆಕ್ಟಿಫೈಯರ್ ಇರ್ತದೆ, ಹಳೇದಾದ ಹಾಗೆ ಅದರ ರೆಸಿಸ್ಟೆನ್ಸ್ ಏರಿ ಔಟ್‌ಪುಟ್ ಇಳೀತದೆ, ಸುಟ್ರೆ ಕೊಳೆತ ವಾಸನೆ, ಆ ಹೊಗೆ ವಿಷ, ಕಿಟಕಿ ತೆಗೆದು ಆಚೆ ಹೋಗಿ. ಬದಲಿಗೆ ಸಿಲಿಕಾನ್ ಡಯೋಡ್ ಹಾಕಿದ್ರೆ ವೋಲ್ಟೇಜ್ ಸೆಲೆನಿಯಮ್ಮಿಗಿಂತ ಜಾಸ್ತಿ ಬರ್ತದೆ, ಸೀರೀಸಲ್ಲಿ ರೆಸಿಸ್ಟರ್ ಹಾಕಿ ಮೊದಲಿನ ಮಟ್ಟಕ್ಕೆ ತರ್ಬೇಕು.

ವೋಲ್ಟೇಜ್ ವಿಷಯ ಬಂತು ಅಂತ ಹೇಳ್ತೇನೆ, ಆ ಪೆಟ್ಟಿಗೆಗಳು 220ಕ್ಕೆ ಮಾಡಿದ್ದು, ನಮ್ಮಲ್ಲಿ 230. ರೆಗ್ಯುಲೇಷನ್ ಇಲ್ಲದ ಸಪ್ಲೈಲಿ 6.3 ವೋಲ್ಟಿನ ಹೀಟರಿಗೆ 6.6 ಹೋಗ್ತದೆ, ಲೈನಲ್ಲಿ 240 ಬಂದ್ರೆ ಇನ್ನೂ ಮೇಲೆ. ಯು 67ರ ಇಎಫ್ 86 ಟ್ಯೂಬ್ ಒಳ್ಳೇದನ್ನ ಹುಡುಕಿ ತಂದವ್ರು ಇದನ್ನ ಸರಿ ಮಾಡದೆ ಹಾಕಿದ್ರೆ ದುಡ್ಡು ದಂಡ. ಯು 47ರ ವಿಎಫ್ 14 ಅಂತೂ ಕೇಳೋದೇ ಬೇಡ, ಟೆಲಿಫುಂಕನ್ ಮಾಡೋದು ನಿಲ್ಲಿಸಿ ಎಷ್ಟೋ ಕಾಲ ಆಯ್ತು, ಆ ಟ್ಯೂಬ್ ಖಾಲಿಯಾಗಿದ್ದಕ್ಕೇ ಮೈಕೇ ನಿಂತುಹೋಯ್ತು. ಅದರ ಹೀಟರ್ 55 ವೋಲ್ಟಿಂದು, ನಾಯ್ಮನ್‌ನವ್ರು ಅದನ್ನ ಬೇಕಂತಲೇ 36ರ ಹತ್ರ ಓಡಿಸ್ತಿದ್ರು, ಅದು ದೋಷ ಅಂದ್ಕೊಂಡು ಏರಿಸ್ಬೇಡಿ.

ಟ್ಯೂಬ್ ಮೇಲೆ ಅನುಮಾನ ಇದ್ರೆ ಪೆನ್ಸಿಲಿನ ರಬ್ಬರ್ ತುದಿಯಿಂದ ಮೆಲ್ಲ ತಟ್ಟಿ, ಸ್ವಲ್ಪ ಟಿಂಗ್ ಅನ್ನೋದು ಮಾಮೂಲಿ, ಗಂಟೆ ಬಾರಿಸಿದ ಹಾಗೆ ಎಳೆದ್ರೆ ಅಥವಾ ತಟ್ಟಿದಾಗೆಲ್ಲ ಚಟ್ ಅಂದ್ರೆ ಬದಲಾಯಿಸೋ ಕಾಲ. ಸಾಕೆಟ್ಟಿನ ಪಿನ್ನನ್ನೂ ನೋಡಿ, ಕಪ್ಪಾಗಿದ್ರೆ ಟ್ಯೂಬಿನ ತಪ್ಪಲ್ಲ. ಹೊಸ ಟ್ಯೂಬ್ ಹಾಕಿದ ಮೊದಲ ಗಂಟೆಯ ಶಬ್ದ ಕೇಳಿ ತೀರ್ಮಾನ ಬೇಡ, ಒಂದು ದಿನ ಆನಲ್ಲೇ ಇಟ್ಟು ಆಮೇಲೆ ಕೇಳಿ.

ಕೆಲಸ ಮಾಡುವಾಗ ಒಂದು ಸಲಕ್ಕೆ ಒಂದೇ ಪಾರ್ಟು ಬದಲಾಯ್ಸಿ, ಬದಲಾಯ್ಸಿ ರೆಕಾರ್ಡ್ ಮಾಡಿ, ಮೊದಲಿನ ರೆಕಾರ್ಡಿಂಗ್ ಜೊತೆ ಅದೇ ಗೇನಲ್ಲಿ ಹೋಲಿಸಿ. ತೆಗೆದ ಪಾರ್ಟನ್ನ ಚಿಕ್ಕ ಜಿಪ್ ಕವರಲ್ಲಿ ಹಾಕಿ, ಬೋರ್ಡಿನ ಯಾವ ನಂಬರಿಂದು ಅಂತ ಬರೆದು ಮೈಕಿನ ಪೆಟ್ಟಿಗೆಯಲ್ಲೇ ಇಡಿ, ಮುಂದೆ ಬಿಚ್ಚುವವನು ನಿಮಗೆ ಫೋನ್ ಮಾಡೋದು ತಪ್ತದೆ.